ಅಲುಗದ ಬಾಣ

ಅಂಬರನಾಥದ ತಗಡಿನ ಕಾರ್ಖಾನೆಯೊಂದರಲ್ಲಿ ಸೈದಪ್ಪ ಇಪ್ಪತ್ತೆರಡು ವರ್ಷ ಫಿಟರ್ ಆಗಿದ್ದ. ದಿನವಿಡೀ ಪ್ರೆಸ್ಸುಗಳು ಧಡಲ್ ಧಡಲ್ ಎಂದು ಬೀಳುತ್ತಿದ್ದ ಆ ಶೆಡ್ಡಿನಲ್ಲಿ ಅವನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧ ಉಳಿಯಿತು. ಹೋದ ವರ್ಷ ಕಾರ್ಖಾನೆಯೇ ಬಾಗಿಲು ಹಾಕಿತು. ಸಿಂದಗಿ ಕಡೆಯಿಂದ ಬಂದು ಡೊಂಬಿವಲಿಯ ಚಾಳಿನ ಸಾಲುಮನೆಯಲ್ಲಿ ಬೇರುಬಿಟ್ಟಿದ್ದ ಸೈದಪ್ಪ ಐವತ್ತೊಂದನೆಯ ವಯಸ್ಸಿನಲ್ಲಿ ಹೊಸ ಕೆಲಸ ಹುಡುಕಿಕೊಂಡು ಅಲೆದ. ಕಡೆಗೆ ಸಿಕ್ಕಿದ್ದು ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಬೆಳಿಗ್ಗೆ ಕಲ್ಯಾಣ, ಉಲ್ಹಾಸನಗರ, ಡೊಂಬಿವಲಿಯ ದವಾಖಾನೆಗಳನ್ನು ಸುತ್ತಿ, ರಕ್ತದ ಸ್ಯಾಂಪಲ್‌ಗಳನ್ನು ಐಸ್ ಡಬ್ಬಿಯಲ್ಲಿ ತುಂಬಿ, ತನ್ನ ಹಳೇ ಬೈಕಿನ ಮೇಲೆ ನವಿ ಮುಂಬಯಿಯ ತುರ್ಭೆಗೆ ಮುಟ್ಟಿಸಬೇಕು. ಅಷ್ಟೆ.

ಅಷ್ಟೆ ಎಂದುಕೊಂಡಿದ್ದು ಅಷ್ಟಕ್ಕೇ ನಿಲ್ಲಲಿಲ್ಲ. ದವಾಖಾನೆಗಳು ದಿನಕ್ಕೊಂದು ಗಲ್ಲಿಯಲ್ಲಿ ಹುಟ್ಟಿಕೊಳ್ಳುತ್ತಿದ್ದವು. ಉಳಿದ ರೈಡರುಗಳ ಕಿವಿಯಲ್ಲಿ ಫೋನು ದಾರಿ ಹೇಳುತ್ತಿತ್ತು: ಎಡಕ್ಕೆ ಹೊರಳು, ಸೇತುವೆ ಹತ್ತು. ಸೈದಪ್ಪನ ಕಿವಿಗೆ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಬೀಳುತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ಬೈಕು ನಿಲ್ಲಿಸಿ, ಜೇಬಿನಿಂದ ಫೋನು ತೆಗೆದು, ಕೈ ಅಡ್ಡ ಹಿಡಿದು ನೋಡಿ ಮುಂದೆ ಹೋಗುತ್ತಿದ್ದ. ಹ್ಯಾಂಡಲ್‌ಗೆ ಒಂದು ಪ್ಲಾಸ್ಟಿಕ್ ಕ್ಲಿಪ್ ಹಾಕಿ ಫೋನು ಸಿಗಿಸಿದ್ದೂ ಉಂಟು. ಮಾಜಿವಾಡಾದ ಸೇತುವೆ ಇಳಿಯುವಾಗ ಒಂದು ತಗ್ಗು ಬಂತು, ಕ್ಲಿಪ್ ಬಾಯಿ ಬಿಟ್ಟಿತು, ಫೋನು ಟೆಂಪೋ ಚಕ್ರದ ಕೆಳಗೆ ಪುಡಿಯಾಯಿತು.

ಒಂದೇ ತಿಂಗಳಲ್ಲಿ ಮೂರು ಸಲ ತಡವಾದ ಮೇಲೆ ರೈಡರುಗಳ ಉಸ್ತುವಾರಿ ನೋಡುವ ಲಕ್ಷ್ಮೀಕಾಂತ ಅವನನ್ನು ಒಳಗೆ ಕರೆದ. ಲಕ್ಷ್ಮೀಕಾಂತ ಕುಂದಾಪುರದವನು, ಬೈಯಲು ಬಾರದ ಮನುಷ್ಯ, ಆದ್ದರಿಂದಲೇ ಅವನ ಮಾತು ಹೆಚ್ಚು ನಾಟುತ್ತಿತ್ತು.

"ಸೈದಪ್ಪ, ನೀವು ಒಳ್ಳೆ ಜನ, ಅದು ನಂಗೆ ಗೊತ್ತುಂಟು," ಎಂದು ಅವನಿಗೆ ಕೇಳಲೆಂದು ದನಿ ಏರಿಸಿ ಹೇಳಿದ. "ಆದ್ರೆ ಸ್ಯಾಂಪಲ್ಲಿಗೆ ಅದೆಲ್ಲ ಗೊತ್ತಾಗುದಿಲ್ಲ ಮಾರಾಯ್ರೆ. ರಕ್ತ ತೆಗ್ದು ನಾಲ್ಕು ತಾಸು ದಾಟಿದ್ರೆ ಹಾಳು. ಮತ್ತೆ ಆ ಪೇಷಂಟಿಗೆ ಇನ್ನೊಂದ್ಸಲ ಸೂಜಿ ಚುಚ್ಬೇಕು. ನಿನ್ನೆ ಒಂದು ಸಣ್ಣ ಮಗು, ಕೈಯಲ್ಲಿ ನರವೇ ಸಿಗ್ತಿರ್ಲಿಲ್ಲಂತೆ."

ತನ್ನ ಕಿವಿಯ ದೆಸೆಯಿಂದ ಒಂದು ಮಗು ಎರಡು ಸಲ ಅತ್ತಿತು ಎನ್ನುವುದು ಸೈದಪ್ಪನ ಎದೆಯೊಳಗೆ ಮುಳ್ಳಿನಂತೆ ಹೊಕ್ಕಿತು.

"ನನಗ ಕೇಳ್ಸಂಗಿಲ್ಲ ಸರ, ಖರೆ. ಆದ್ರ ಕಣ್ಣು ನೆಟ್ಟಗ ಅದಾವ," ಎಂದ. "ಎರಡು ವಾರ ಕೊಡ್ರಿ. ದಾರಿ ಕಣ್ಣ ಮುಂದ ಬರೂಹಂಗ ಮಾಡ್ಕೋತೀನಿ. ಆಗಲಿಲ್ಲಂದ್ರ ನಾನಾ ಬಿಟ್ಟು ಹೋಗ್ತೀನಿ."

ಮರುದಿನ ಉಲ್ಹಾಸನಗರದ ಹಳೇ ಸಾಮಾನಿನ ಸಾಲಿನಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿತು. ಯಾವುದೋ ಕಾರಿನಿಂದ ಕಿತ್ತ ಜಿಪಿಎಸ್ ಯಂತ್ರ, ಅಂಗೈಗಿಂತ ತುಸು ದೊಡ್ಡದು. ನಕಾಶೆ ಅದರ ಹೊಟ್ಟೆಯೊಳಗೇ ಇತ್ತು. ಸಿಮ್ ಬೇಡ, ನೆಟ್‌ವರ್ಕ್ ಬೇಡ, ನೇರ ಉಪಗ್ರಹದೊಂದಿಗೇ ಅದರ ವ್ಯವಹಾರ. ಗುಂಡಿ ಒತ್ತಿದಾಗ ಪರದೆಯ ಮೇಲೆ ಒಂದು ದಪ್ಪ ನೀಲಿ ಬಾಣ ಮೂಡಿತು. ಆ ಬಾಣವನ್ನು ನೋಡಿ ಸೈದಪ್ಪನ ಮುಖ ಅರಳಿತು. "ಸ್ಟ್ಯಾಂಡ್ ನಹೀ ಹೈ," ಎಂದ ಅಂಗಡಿಯವ. ಸ್ಟ್ಯಾಂಡನ್ನು ತಾನೇ ಮಾಡಿಕೊಳ್ಳುತ್ತೇನೆಂದು ಸೈದಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿ ತಂದ.

ಮೊದಲ ಸ್ಟ್ಯಾಂಡ್ ಒಂದೇ ಸಂಜೆಯಲ್ಲಿ ತಯಾರಾಯಿತು. ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ, ಹ್ಯಾಂಡಲ್ಲಿನ ಬಲಗಡೆಗೆ ಬಿಗಿದ. ನಿಂತ ಬೈಕಿನ ಮೇಲೆ ಎಲ್ಲವೂ ಚೆಂದ. ಓಡಿಸಿದರೆ ಮಾತ್ರ ಪರದೆ ಗಡಗಡ ನಡುಗಿ, ಒಂದು ಬಾಣ ನಾಲ್ಕಾಗಿ ಕಾಣತೊಡಗಿತು. ಎರಡನೆಯದಕ್ಕೆ ಪಟ್ಟಿಯ ಕೆಳಗೆ ಹಳೇ ಟ್ಯೂಬಿನ ತುಂಡುಗಳನ್ನು ಮಡಚಿ ಇಟ್ಟ. ಈಗ ನಡುಕ ಹೋಯಿತು. ಆದರೆ ಒಂದೊಂದು ತಗ್ಗಿಗೂ ಯಂತ್ರ ತಲೆ ಅಲ್ಲಾಡಿಸತೊಡಗಿತು. ಅಷ್ಟರಲ್ಲಿ ಒಂದು ವಾರ ಕಳೆದುಹೋಗಿತ್ತು.

ಭಾನುವಾರ ಬೆಳಿಗ್ಗೆ ಸೈದಪ್ಪ ಬೈಕನ್ನು ಚಾಳಿನ ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ ಅದರ ಮೇಲೆ ಅಂಗೈ ಇಟ್ಟುಕೊಂಡು ಕುಳಿತ. ಹ್ಯಾಂಡಲ್ಲಿನ ತುದಿ, ನಡು, ಟ್ಯಾಂಕು, ಮೀಟರಿನ ಬುಡ, ಹೀಗೆ ಕೈ ನಿಧಾನ ಸರಿಯುತ್ತಿತ್ತು. ಒಳಗಿನಿಂದ ಹೆಂಡತಿ ಚಂದ್ರಬಾಯಿ ಚಹಾ ತಂದವಳು ಬಾಗಿಲಲ್ಲೇ ನಿಂತಳು. ಉಲ್ಹಾಸನಗರದ ಬ್ಯಾಗಿನ ಕಾರ್ಖಾನೆಯಲ್ಲಿ ಹೊಲಿಗೆ ಹಾಕುವವಳು ಆಕೆ; ಮಾತು, ಸೂಜಿ ಎರಡೂ ಚೂಪು.

"ಯಾಕ್ರೀ, ಗಾಡಿಗೇನ ಜ್ವರಾ ಬಂದಾವೇನು, ಹಿಂಗ ಮುಟ್ಟಿ ಮುಟ್ಟಿ ನೋಡಾಕತ್ತೀರಿ?"

ಅವಳ ತುಟಿ ನೋಡಿಯೇ ಸೈದಪ್ಪನಿಗೆ ಅರ್ಥವಾಯಿತು. "ಜ್ವರಾ ಅಲ್ಲ, ನಡುಕ. ಎಲ್ಲಿ ಕಡಿಮಿ ಐತಿ ಅಂತ ಹುಡುಕಾಕತ್ತೀನಿ."

ಕಾರ್ಖಾನೆಯಲ್ಲಿ ಯಂತ್ರದ ಬೇರಿಂಗ್ ಕೆಟ್ಟಿದೆಯೋ ಇಲ್ಲವೋ ಎಂದು ಉಳಿದವರು ಕಿವಿಗೊಟ್ಟು ಹೇಳುತ್ತಿದ್ದರು. ಕಿವಿ ಮಂದವಾದ ಮೇಲೆ ಸೈದಪ್ಪ ಅದನ್ನು ಅಂಗೈಯಿಂದ ಕಲಿತಿದ್ದ. ಈಗ ಅದೇ ಅಂಗೈ ಹ್ಯಾಂಡಲ್ಲಿನ ನಟ್ಟನಡುವೆ, ಅದನ್ನು ಹಿಡಿದಿಡುವ ಎರಡು ಬೋಲ್ಟುಗಳ ಮೇಲೆ ಬಂದು ನಿಂತಿತು. ಇಂಜಿನ್ ಏರಿಸಿ ನೋಡಿದ, ಇಳಿಸಿ ನೋಡಿದ. ತುದಿಗಳು ಥರಗುಟ್ಟುತ್ತಿದ್ದಾಗಲೂ ಅಲ್ಲಿ ಬರೀ ಸಣ್ಣ ಜುಮುಜುಮು. ಎದ್ದು ನಿಂತವನು ಚಹಾ ಕುಡಿಯುವುದನ್ನೂ ಮರೆತು ಸ್ಪ್ಯಾನರ್ ತರಲು ಓಡಿದ.

ಆ ಎರಡು ಬೋಲ್ಟು ಬಿಚ್ಚಿ, ಉದ್ದನೆಯವು ಹಾಕಿ, ಅವುಗಳ ಮೇಲೆ ಒಂದು ತಗಡು ಕೂರಿಸಿದ. ಉಳಿದದ್ದು ರಬ್ಬರಿನ ಮಾತು. ಟ್ಯೂಬು ತೀರಾ ಮೆತ್ತಗಾಗಿತ್ತು. ಗಟ್ಟಿ ರಬ್ಬರ್ ಎಲ್ಲಿದೆ? ಇಂಜಿನ್ನಿನಂತೆ ದಿನವಿಡೀ ನಡುಗಿಯೂ ಮನೆ ಮಂದಿಯ ನಿದ್ದೆ ಕೆಡಿಸದ ವಸ್ತು ಯಾವುದು ಎಂದು ಯೋಚಿಸಿದವನಿಗೆ ಫ್ರಿಜ್ ಹೊಳೆಯಿತು. ಅದರ ಕಂಪ್ರೆಸರಿನ ನಾಲ್ಕು ಕಾಲಿಗೂ ನಡುಕ ಹೀರುವ ರಬ್ಬರಿನ ಬುಷ್ ಇರುತ್ತವೆ. ಫ್ರಿಜ್ ರಿಪೇರಿಯವನಲ್ಲಿ ಕೇಳಿದರೆ ಅವನು ನಕ್ಕು ಒಂದು ಹಿಡಿ ಬುಷ್ ಸುಮ್ಮನೆ ಕೊಟ್ಟ. ನಾಲ್ಕು ಮೂಲೆಗೆ ನಾಲ್ಕು ಬುಷ್, ಅವುಗಳ ಮೇಲೆ ಇನ್ನೊಂದು ತಗಡು, ಅದರ ಮೇಲೆ ಯಂತ್ರ. ಬೈಕಿನ ಬ್ಯಾಟರಿಯಿಂದ ವೈರು ಎಳೆದು, ನಡುವೆ ಫ್ಯೂಸ್ ಇಟ್ಟು, ಕೀಲಿ ತಿರುವಿದರೆ ಮಾತ್ರ ಯಂತ್ರ ಎಚ್ಚರಾಗುವಂತೆ ಜೋಡಿಸಿದ.

"ಬಿಸಿಲಿಗೆ ಏನೂ ಕಾಣಂಗಿಲ್ಲ ಇದು. ಮಳಿ ಬಂದ್ರ ಸತ್ತಾ ಹೋಗ್ತೈತಿ," ಎಂದು ಚಂದ್ರಬಾಯಿ ತೀರ್ಪು ಕೊಟ್ಟಳು. ಅಳತೆ ಟೇಪು ತಂದು ಯಂತ್ರವನ್ನು ಸುತ್ತಲೂ ಅಳೆದಳು. ಎರಡು ದಿನ ಬಿಟ್ಟು ಕರಿ ರೆಕ್ಸಿನ್ನಿನ ಒಂದು ಗೂಡು ಹೊಲಿದು ತಂದಳು. ಮೇಲೆ ಚಾಚಿದ ಸೂರು, ಮುಂದೆ ಪಾರದರ್ಶಕ ಪ್ಲಾಸ್ಟಿಕ್ಕು, ಹೊಲಿಗೆಯ ತೂತಿಗೆಲ್ಲ ಮೇಣ. ಬೆರಳಿಟ್ಟರೆ ಪ್ಲಾಸ್ಟಿಕ್ಕಿನ ಮೇಲಿಂದಲೇ ಪರದೆ ಮಾತು ಕೇಳುತ್ತಿತ್ತು.

ಗುರುವಾರ ಸೈದಪ್ಪ ಕಲ್ಯಾಣ-ಶೀಳ್ ರಸ್ತೆಗೆ ಬೈಕು ಇಳಿಸಿದ. ಐವತ್ತರ ವೇಗ, ಅರವತ್ತು. ತಗ್ಗುಗಳ ಮೇಲೆ ಅವನ ಬೆನ್ನು ಎಗರಿತು, ಬಾಣ ಅಲುಗಲಿಲ್ಲ. ಕಾಗದದ ಮೇಲೆ ಬರೆದಿಟ್ಟಂತೆ ನಿಂತಿತ್ತು. ರಸ್ತೆಯಲ್ಲಿ ಯಾರೂ ತನ್ನನ್ನು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನು ಹೆಲ್ಮೆಟ್ಟಿನೊಳಗೆ ಒಮ್ಮೆ ಜೋರಾಗಿ ಕೂಗಿದ. ಆ ವಾರವೂ ಅದರ ಮುಂದಿನ ವಾರವೂ ಒಂದು ದಿನವೂ ಅವನ ಡಬ್ಬಿ ತಡವಾಗಲಿಲ್ಲ. ಲಕ್ಷ್ಮೀಕಾಂತ ಗಡಿಯಾರ ನೋಡಿ ತಲೆಯಾಡಿಸುತ್ತಿದ್ದ. ಉಳಿದ ರೈಡರುಗಳಿಗೆ ಮಾತ್ರ ಅದೊಂದು ತಮಾಷೆ. "ಕಾಕಾ, ಟಿವಿ ಹಾಕಿಸಿದ್ದೀರಲ್ಲ, ಕ್ರಿಕೆಟ್ ಬರ್ತದಾ?" ಎಂದು ಅವರಲ್ಲೊಬ್ಬನಾದ ಮುಂಡಪ್ಪ ದಿನವೂ ಕೇಳುತ್ತಿದ್ದ.

ಜುಲೈ ತಿಂಗಳ ಒಂದು ಮಂಗಳವಾರ ಬೆಳಗಿನಿಂದಲೇ ಆಕಾಶ ಹರಿದು ಸುರಿಯಿತು. ಒಂಬತ್ತೂವರೆಗೆ ಸೈದಪ್ಪ ಶೀಳ್ ಫಾಟಾದ ಕೂಡುರಸ್ತೆ ಮುಟ್ಟಿದಾಗ ಅಲ್ಲಿ ಲಾರಿಗಳ ಸಾಲು ಕಲ್ಲಿನಂತೆ ನಿಂತಿತ್ತು. ಮಹಾಪೆ ಕಡೆಯ ಗುಡ್ಡ ಕುಸಿದು ತುರ್ಭೆಯ ರಸ್ತೆ ಮುಚ್ಚಿದೆ ಎಂದರು. ಒಂದು ಅಂಗಡಿಯ ಮಾಡಿನ ಕೆಳಗೆ ಅವನದೇ ಲ್ಯಾಬಿನ ಆರು ಬೈಕುಗಳು. ಎಲ್ಲರೂ ಫೋನು ಮೇಲೆತ್ತಿ ಹಿಡಿದು ಸಿಗ್ನಲ್ಲಿಗಾಗಿ ತಡಕಾಡುತ್ತಿದ್ದರು. ಟವರುಗಳು ಸತ್ತಿದ್ದವು. ನಕಾಶೆ ತೆರೆದರೆ ಬರೀ ಬೂದು ಚೌಕ.

"ನೆಟ್‌ವರ್ಕೇ ಇಲ್ಲ ಕಾಕಾ. ಅಬ್ ಕ್ಯಾ?" ಎಂದಳು ರಮಿತಾ. ಕಲ್ಯಾಣದಲ್ಲೇ ಹುಟ್ಟಿ ಬೆಳೆದ ಮಂಗಳೂರು ಕಡೆಯ ಹುಡುಗಿ, ರೈಡರುಗಳಲ್ಲೆಲ್ಲ ಚುರುಕು. ಸೈದಪ್ಪನಿಗೆ ತುಟಿ ಕಾಣಲೆಂದು ಯಾವಾಗಲೂ ಎದುರು ನಿಂತೇ ಮಾತಾಡುವವಳು. "ನನ್ನ ಡಬ್ಬದಲ್ಲಿ ಡಯಾಲಿಸಿಸ್ ಪೇಷಂಟುಗಳದ್ದೇ ಹತ್ತು ಸ್ಯಾಂಪಲ್ ಉಂಟು. ಹನ್ನೆರಡಕ್ಕೆ ಟೈಮ್ ಮುಗೀತದೆ."

ಸೈದಪ್ಪ ತನ್ನ ಬೈಕಿನತ್ತ ನೋಡಿದ. ರೆಕ್ಸಿನ್ನಿನ ಸೂರಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಒಳಗೆ ಬಾಣ ನೀಲಿಯಾಗಿ ಉರಿಯುತ್ತಿತ್ತು. ಬೆರಳಿಟ್ಟು ಬೇರೆ ದಾರಿ ಕೇಳಿದ. ಯಂತ್ರ ಒಂದು ಕ್ಷಣ ಯೋಚಿಸಿ ದಕ್ಷಿಣಕ್ಕೆ ಗೆರೆ ಎಳೆಯಿತು: ತಳೋಜಾ, ಕಳಂಬೋಳಿ, ಬೇಲಾಪುರ, ತುರ್ಭೆ. ದೂರದ ಸುತ್ತು, ಆದರೆ ದಾರಿ ಇತ್ತು.

"ನನ್ನ ಹಿಂದ ಬರ್ರಿ," ಎಂದ. ಎಲ್ಲರೂ ಅವನ ಮುಖ ನೋಡಿದರು. "ಒಂದ ಮಾತು. ಹಾರ್ನ್ ಹೊಡೀಬ್ಯಾಡ್ರಿ, ನನಗ ಕೇಳ್ಸಂಗಿಲ್ಲ. ಏನರ ಆದ್ರ ಲೈಟ್ ಹೊಡೀರಿ, ಕನ್ನಡ್ಯಾಗ ಕಾಣ್ತೈತಿ."

ಮುಂಡಪ್ಪ ಬಾಯಿ ತೆರೆದ. ರಮಿತಾ ಅವನಿಗೆ ಹೆಲ್ಮೆಟ್ ಕೊಟ್ಟು ಬಾಯಿ ಮುಚ್ಚಿಸಿದಳು.

ಏಳು ಬೈಕುಗಳು ಸಾಲಾಗಿ ಹೊರಟವು. ಮುಂದೆ ಸೈದಪ್ಪ, ಅವನ ಹಿಂದೆ ರಮಿತಾ, ಕೊನೆಯಲ್ಲಿ ಮುಂಡಪ್ಪ. ತಳೋಜಾದ ಹತ್ತಿರ ಪೊಲೀಸರು ಹೆದ್ದಾರಿ ಬಿಡಿಸಿ ಎಲ್ಲರನ್ನೂ ಕಾರ್ಖಾನೆಗಳ ಒಳದಾರಿಗೆ ತಳ್ಳಿದರು. ಒಂದೇ ತರಹದ ಗೋಡೆ, ಒಂದೇ ತರಹದ ಗೇಟು, ಹೆಸರಿಲ್ಲದ ರಸ್ತೆ. ಮಳೆಯಲ್ಲಿ ಹತ್ತು ಮಾರು ಮುಂದಿನದು ಕಾಣುತ್ತಿರಲಿಲ್ಲ. ಬಾಣ ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಒಂದು ಕಡೆ ಅದು ರೈಲುಹಳಿಯ ಕೆಳಗಿನ ದಾರಿ ತೋರಿಸಿತು. ಸೈದಪ್ಪ ನಿಂತು ನೋಡಿದ. ಕೆಳಗೆ ಕಂದು ನೀರು, ಅದರಲ್ಲಿ ಮುಳುಗಿದ ರಿಕ್ಷಾದ ಮಾಡು. ಬಾಣಕ್ಕೆ ನೀರು ಕಾಣುವುದಿಲ್ಲ, ತನಗೆ ಕಾಣುತ್ತದೆ. ಕೈಯೆತ್ತಿ ಎಲ್ಲರನ್ನೂ ಹಿಂದೆ ತಿರುಗಿಸಿದ. ಎರಡು ತಿರುವು ದಾಟುವಷ್ಟರಲ್ಲಿ ಯಂತ್ರ ಸೇತುವೆಯ ದಾರಿ ಹುಡುಕಿಕೊಟ್ಟಿತ್ತು.

ಸೇತುವೆ ಇಳಿಯುವಾಗ ಕನ್ನಡಿಯಲ್ಲಿ ಬೆಳಕು ಮಿಣುಕಿತು, ಮತ್ತೆ ಮಿಣುಕಿತು. ಮುಂಡಪ್ಪನ ಬೈಕು ಆರಿಹೋಗಿತ್ತು. ಸೈದಪ್ಪ ತಿರುಗಿ ಬಂದು, ಪ್ಲಗ್ಗಿನ ಟೋಪಿ ಕಿತ್ತು, ಅಂಗಿಯೊಳಗಿನ ಒಣ ಟವೆಲ್ಲಿನಿಂದ ಒರೆಸಿ, ಊದಿ, ಹಾಕಿದ. ಇಂಜಿನ್ನಿನ ಮೇಲೆ ಕೈಯಿಟ್ಟು, "ಹೊಡಿ," ಎಂದ. ಎರಡನೇ ಒದೆತಕ್ಕೆ ಹತ್ತಿತು. ಮುಂಡಪ್ಪ ಏನೋ ಹೇಳಿದ. ಸೈದಪ್ಪನಿಗೆ ಕೇಳಲಿಲ್ಲ, ಆ ಮುಖದಲ್ಲಿ ಕ್ರಿಕೆಟ್ಟಿನ ಮಾತಿಲ್ಲ ಎನ್ನುವುದು ಮಾತ್ರ ಕಂಡಿತು.

ತುರ್ಭೆಯಲ್ಲಿ ಲಕ್ಷ್ಮೀಕಾಂತ ಗೇಟಿನ ಬಳಿ ಕೊಡೆ ಹಿಡಿದು ನಿಂತಿದ್ದ. ಡೊಂಬಿವಲಿ, ಕಲ್ಯಾಣದ ಒಂದು ಡಬ್ಬವೂ ಬಂದಿರಲಿಲ್ಲ; ಯಾರ ಫೋನೂ ಹತ್ತುತ್ತಿರಲಿಲ್ಲ. ಈ ದಿನದ ಸ್ಯಾಂಪಲ್ಲೆಲ್ಲ ಹೋದವು ಎಂದು ಒಳಗೆ ಹೇಳಿಯೂ ಬಂದಿದ್ದ. ಹನ್ನೊಂದು ನಲವತ್ತಕ್ಕೆ ಮಳೆಯ ಪರದೆಯೊಳಗಿನಿಂದ ಒಂದು ದೀಪ ಮೂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಲಕ್ಷ್ಮೀಕಾಂತ ಬೆರಳು ಮಡಚಿ ಎಣಿಸಿದ: ಏಳು. ಕೊಡೆ ಅಲ್ಲೇ ಎಸೆದು ಓಡಿ ಬಂದು ಮೊದಲ ಡಬ್ಬವನ್ನು ತಾನೇ ಬಿಚ್ಚಿದ. ಐಸು ಇನ್ನೂ ಗಟ್ಟಿಯಾಗಿತ್ತು.

"ದಾರಿ ಹ್ಯಾಗೆ ಸಿಕ್ತು ಮಾರಾಯ್ರೆ ನಿಮ್ಗೆಲ್ಲ?"

ರಮಿತಾ ಹೆಲ್ಮೆಟ್ ತೆಗೆದು, ಕೂದಲಿನ ನೀರು ಝಾಡಿಸಿ, ಬೆರಳು ತೋರಿಸಿದಳು. "ಕಾಕಾ ಕರ್ಕೊಂಡು ಬಂದ್ರು." ಮುಂಡಪ್ಪ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು. ಲ್ಯಾಬಿನ ಒಳಗಿನಿಂದ ಬಿಳಿಕೋಟಿನವರೂ ಬಂದು ಸೇರಿದರು. ಸೈದಪ್ಪನಿಗೆ ಆ ಸದ್ದು ದೂರದ ಮಳೆಯಷ್ಟೇ ಕೇಳಿಸಿತು. ಆದರೆ ಅಷ್ಟು ಜನರ ಕೈಗಳು ತನಗಾಗಿ ಒಟ್ಟಿಗೆ ಏಳುವುದನ್ನು ಅವನು ಜೀವಮಾನದಲ್ಲಿ ಮೊದಲ ಸಲ ಕಂಡ. ನೆಟ್ಟಗೆ ನಿಂತು, ಒದ್ದೆ ಕೈ ಜೋಡಿಸಿದ.

ಮುಂದಿನ ಭಾನುವಾರ ಡೊಂಬಿವಲಿಯ ಚಾಳಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹನ್ನೊಂದು ಬೈಕು ಸಾಲಾಗಿ ನಿಂತಿದ್ದವು. ಎಲ್ಲ ರೈಡರುಗಳಿಗೂ ಜಿಪಿಎಸ್ ಯಂತ್ರವನ್ನು ಲ್ಯಾಬೇ ಕೊಡಿಸಿತ್ತು; ಕೂರಿಸುವ ಕೆಲಸ ಸೈದಪ್ಪನದು, ಅದಕ್ಕೆ ಬೇರೆ ಸಂಬಳ. ಎಲ್ಲಕ್ಕೂ ಒಂದೇ ಅಳತೆಯ ಸ್ಟ್ಯಾಂಡ್ ಮಾಡಿಸಿಬಿಡೋಣ ಎಂದಿದ್ದ ಲಕ್ಷ್ಮೀಕಾಂತನ ಮಾತಿಗೆ ಸೈದಪ್ಪ ಒಪ್ಪಿರಲಿಲ್ಲ. ಒಂದೊಂದು ಗಾಡಿಯ ನಡುಕ ಒಂದೊಂದು ತರಹ, ಕೂತು ನೋಡದೆ ಬೋಲ್ಟು ಹಾಕುವುದಿಲ್ಲ ಎಂದು ಮುಖದ ಮೇಲೇ ಹೇಳಿದ್ದ. ಲಕ್ಷ್ಮೀಕಾಂತ, "ಆಯ್ತು, ನೀವು ಹೇಳಿದ ಹಾಗೇ," ಎಂದಿದ್ದ.

ಚಂದ್ರಬಾಯಿ ಹೊಲಿಗೆ ಯಂತ್ರವನ್ನು ಬಾಗಿಲಿಗೆ ಎಳೆದುಕೊಂಡು ರೆಕ್ಸಿನ್ ಕತ್ತರಿಸುತ್ತಿದ್ದಳು. ತನಗೆ ಕೆಂಪು ಬಣ್ಣದ್ದು ಬೇಕೆಂದು ಮುಂಡಪ್ಪ ಹಟ ಹಿಡಿದಿದ್ದ. "ಕರೀದ ಛಲೋ, ಬೆಳಕ ಹೊಡ್ಯಂಗಿಲ್ಲ. ಸುಮ್ನ ಕುಂದರು," ಎಂದು ಆಕೆ ಗದರಿದಳು. ರಮಿತಾ ಎಲ್ಲರಿಗೂ ಅವಲಕ್ಕಿ ಹಂಚುತ್ತ, ಚಾಳಿನ ಗೋಡೆಗೆ ಒಂದು ಬೋರ್ಡ್ ಹಾಕಲೇಬೇಕೆಂದೂ ಅದರ ಮೇಲೆ ದೊಡ್ಡದಾಗಿ ಕಾಕಾನ ಹೆಸರು ಬರೆಸಬೇಕೆಂದೂ ವಾದಿಸುತ್ತಿದ್ದಳು.

ಸೈದಪ್ಪ ಐದನೆಯ ಬೈಕಿನ ಬೋಲ್ಟನ್ನು ಕೊನೆಯ ಸುತ್ತು ಬಿಗಿದು, ಬೆನ್ನು ನೆಟ್ಟಗೆ ಮಾಡಿ, ಕೈಯ ಗ್ರೀಸು ಒರೆಸಿಕೊಂಡ.

"ಮುಂದಿನ ಗಾಡಿ ತರ್ರಿ!" ಎಂದು ಅವನು ಕೂಗಿದ ದನಿ ಇಡೀ ಚಾಳಿಗೆ ಕೇಳಿಸಿತು.