ಬೋನಿನ ಮೂಲೆಯ ಮಣ್ಣು

ಬೆಳಗ್ಗೆ ಏಳಕ್ಕೆ ಆಸ್ಪತ್ರೆಯಿಂದ ಅಪ್ಪನ ದೇಹ ಮನೆಗೆ ಬಂದಿತ್ತು, ಹನ್ನೊಂದಕ್ಕೆ ಅಂತ್ಯಕ್ರಿಯೆ. ಇವೆರಡರ ನಡುವೆ, ಒಂಬತ್ತಕ್ಕೆ, ನರಿಯ ಔಷಧಿಯ ಹೊತ್ತು. ಎಂಟೂ ಮುಕ್ಕಾಲಿಗೆ ಮಗಳು ಅಡುಗೆಮನೆಯಲ್ಲಿ ನಿಂತು ಮಾಂಸದ ತುಂಡನ್ನು ಸೀಳಿ, ಜಂತುಹುಳದ ಮಾತ್ರೆಯನ್ನು ಒಳಗೆ ತುರುಕುತ್ತಿದ್ದಳು.

“ಅಪ್ಪ ಹೊರಗೆ ಮಲಗಿದ್ದಾನೆ, ನಿನಗೆ ನರಿ ಚಿಂತೆಯೇನೇ?” ಎಂದಳು ಸೋದರತ್ತೆ.

“ಕೊನೇವರೆಗೂ ಅಪ್ಪನಿಗೂ ಅದೇ ಚಿಂತೆ ಅತ್ತೆ. ಸುಳ್ಳುಗಾರ ಅನ್ನಿಸಿಕೊಂಡೇ ಹೋದರು.”

*

ಮನೆಯ ಪಕ್ಕದ ಪ್ರಾಣಿಗಳ ಆರೈಕೆ ಕೇಂದ್ರದಲ್ಲಿ ಮೂವತ್ತು ವರ್ಷ, ಯಾವ ಪ್ರಾಣಿಯೇ ಆಗಲಿ ಔಷಧಿ ನುಂಗುವವರೆಗೂ ಅಪ್ಪ ಬೋನಿನೊಳಗೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಹೊಸ ಡಾಕ್ಟರು ಬಂದು ನಿಯಮ ಬದಲಾಯಿಸಿದರು: ಕಾಡಿಗೆ ಬಿಡುವ ಪ್ರಾಣಿಗೆ ಮನುಷ್ಯರ ರೂಢಿಯಾಗಬಾರದು, ತುಂಡನ್ನು ಬಾಗಿಲಲ್ಲಿಟ್ಟು ಕೂಡಲೇ ಹೊರಟುಬಿಡಬೇಕು.

ಈ ನರಿಗೆ ಅಪ್ಪ ಹಾಗೆಯೇ ಮಾಡಿದರು. ಐದು ದಿನ, ಎರಡು ವಾರ ಬಿಟ್ಟು ಮತ್ತೆ ಐದು ದಿನ. ಆದರೂ ನರಿಯ ಮಲದಲ್ಲಿ ಹುಳದ ಮೊಟ್ಟೆಗಳು ಮೊದಲಿನಷ್ಟೇ ಇದ್ದವು.

“ನೀವು ಕೊಟ್ಟೇ ಇಲ್ಲ,” ಎಂದರು ಡಾಕ್ಟರು.

“ಹತ್ತೂ ಇಟ್ಟಿದ್ದೀನಿ ಸಾರ್. ಎಲ್ಲೋ ಹೂತಿಟ್ಟಿರಬೇಕು. ಒಳಗೆ ಹೋಗಿ ಅಗೆದು ನೋಡ್ಲಾ?”

“ಬೋನಿಗೆ ಕಾಲಿಡಬೇಡಿ. ಕತೆಯನ್ನೂ ಕಟ್ಟಬೇಡಿ. ಎರಡು ವಾರ ಬಿಟ್ಟು ಮತ್ತೆ ಮೊದಲಿಂದ ಕೊಡಿ.”

ಅಂದಿನಿಂದ ಊಟದ ತಟ್ಟೆಯ ಮುಂದೆಯೂ ಅಪ್ಪ “ಹತ್ತು” ಎಂದು ಗೊಣಗುತ್ತಿದ್ದರು.

*

ಹಾರ ಹಿಡಿದು ಮನೆಯತ್ತ ಹೊರಟಿದ್ದ ಡಾಕ್ಟರನ್ನು ಮಗಳು ಬೋನಿನ ಬಳಿಯೇ ತಡೆದಳು.

“ಹಾರ ಆಮೇಲೆ ಹಾಕುವಿರಂತೆ. ಮೊದಲು ಇದನ್ನ ನೋಡಿ.”

“ಇವತ್ತು ಬೇಡಮ್ಮ...”

“ಇವತ್ತೇ ಆಗಬೇಕು. ನಾಳೆ ಕೇಳಿಸಿಕೊಳ್ಳೋಕೆ ಅಪ್ಪ ಮನೆಯಲ್ಲಿರಲ್ಲ.”

ತುಂಡನ್ನಿಟ್ಟು, ಇಬ್ಬರೂ ಗೋಡೆಯ ಮರೆಗೆ ಸರಿದು ಇಣುಕಿದರು. ನರಿ ಬಂದಿತು, ಮೂಸಿತು, ತುಂಡನ್ನು ಕಚ್ಚಿಕೊಂಡು ಸೂರಿನಡಿಯ ಮೂಲೆಗೆ ಓಡಿತು. ಮುಂಗಾಲುಗಳಿಂದ ಗುಂಡಿ ತೋಡಿ, ತುಂಡನ್ನು ಅದರಲ್ಲಿಟ್ಟು, ಮೂತಿಯಿಂದ ಮಣ್ಣು ತಳ್ಳಿ ಮುಚ್ಚಿತು.

ಡಾಕ್ಟರು ಹಾರವನ್ನು ಚಿಲಕಕ್ಕೆ ಸಿಕ್ಕಿಸಿ, ಬಾಗಿಲು ತೆರೆದು ಒಳಹೊಕ್ಕರು. ನರಿ ಇನ್ನೊಂದು ಮೂಲೆಗೆ ಸರಿಯಿತು. ಅವರು ಮಂಡಿಯೂರಿ ಕೈಯಿಂದಲೇ ಒಣಮಣ್ಣನ್ನು ಬಗೆದರು. ಮನೆಯ ಕಡೆಯಿಂದ ಅತ್ತೆ ಕೂಗಿದಳು: “ಬಾರೇ, ಎಲ್ಲರೂ ಕಾಯ್ತಿದ್ದಾರೆ.”

“ಕಾಯಲಿ ಅತ್ತೆ. ಡಾಕ್ಟರು ಎಣಿಸ್ತಿದ್ದಾರೆ.”

ಇರುವೆ ತಿಂದುಳಿದ, ಸುಕ್ಕುಗಟ್ಟಿದ ತುಂಡುಗಳನ್ನು ಅವರು ಒಂದೊಂದಾಗಿ ಬಿಡಿಸಿ, ಒಳಗಿನ ಮಾತ್ರೆಗಳನ್ನು ಕರವಸ್ತ್ರದ ಮೇಲೆ ಸಾಲಾಗಿ ಇಟ್ಟರು.

ಆ ದಿನದ್ದು ಸೇರಿ ಹನ್ನೊಂದು ಮಾತ್ರೆ. ಒಂದನ್ನೂ ನರಿ ನುಂಗಿರಲಿಲ್ಲ.