ಇತಾಪೋವಾ ಹಡಗಿನ ಕೊನೆಯ ಪಾಳಿ

ನಮ್ಮ ಡಿಸ್ಟ್ರಾಯರ್ ಯುದ್ಧನೌಕೆ ಇತಾಪೋವಾವನ್ನು ಗುಜರಿಗೆ ಕಳಿಸುವ ದಿನ ರಿಯೊ ಬಂದರಿನಲ್ಲಿ ಕ್ಯಾಪ್ಟನ್ ಅದರ ಸೇವೆಯ ಚರಿತ್ರೆ ಓದಿದ. ಇಪ್ಪತ್ತು ವರ್ಷ ಕಡಲು ಕಾದಿದೆ, ಮಹಾಯುದ್ಧದಲ್ಲಿ ಆಫ್ರಿಕಾದವರೆಗೆ ಹೋಗಿಬಂದಿದೆ, ಶತ್ರುವಿನಿಂದ ಒಂದು ಜೀವವೂ ಹೋಗಿಲ್ಲ ಎಂದ. ನನಗೆ ಮೈ ಉರಿಯಿತು. ಆಫ್ರಿಕಾದ ದಕಾರ್ ಬಂದರಿನಲ್ಲಿ ನಮ್ಮ ಅರ್ಧ ಹುಡುಗರು ಜ್ವರ ಬಂದು ಸತ್ತುಹೋದರು. ಜ್ವರ ಶತ್ರುವಲ್ಲವಂತೆ.

ಕಟ್ಟೆಯ ಮೇಲೆ ಮರಗೆಣಸಿನ ಕಡುಬು ಮಾರುವ ದೋನಾ ಯುಫ್ರಾಸಿಯಾ ಎಲ್ಲವನ್ನೂ ಕೇಳಿಸಿಕೊಂಡಳು. ಆಕೆಯ ಮಗ ಅನಕ್ಲೆತು ನಮ್ಮ ಜೊತೆ ಹಡಗಿನ ಒಲೆಗೆ ಇದ್ದಿಲು ಹಾಕುತ್ತಿದ್ದವನು, ಆ ಜ್ವರದಲ್ಲೇ ಸತ್ತ.

"ನನ್ನ ಮಗನ ಹೆಸರು ಬರ್ಲೇ ಇಲ್ವಲ್ಲಪ್ಪ," ಎಂದಳು.

"ಬರಲ್ಲ ಬಿಡಮ್ಮ. ಅವರ ಚರಿತ್ರೆಗೆ ಇದ್ದಿಲ ಮಸಿ ತಾಗಬಾರದು," ಎಂದೆ.

ಆಮೇಲೆ ಜನರನ್ನು ಕೊನೆಯ ಸಲ ಹಡಗಿನೊಳಗೆ ಬಿಟ್ಟರು. ನಾನೂ ನನ್ನ ಜೊತೆಗಾರ ಲಿಯೊಕಾದಿಯುವೂ ಬಾಯ್ಲರಿನ ಒಲೆ ಆರಿಸಲು ಕೆಳಗಿಳಿದೆವು. ಬೆಂಕಿಯಾಳುಗಳಾದ ನಮ್ಮಲ್ಲಿ ಒಂದು ಕಟ್ಟುಪಾಡು: ಪಾಳಿ ಮುಗಿದವನು ಸಲಿಕೆಯಿಂದ ಏಣಿಗೆ ಮೂರು ಸಲ ಬಡಿಯಬೇಕು, ಮುಂದಿನ ಪಾಳಿಯವನು ಮೇಲಿಂದ ಮೂರು ಸಲ ಬಡಿದು ಉತ್ತರ ಕೊಡಬೇಕು. ಉತ್ತರ ಬರುವವರೆಗೆ ಒಲೆ ಬಿಟ್ಟು ಕದಲುವಂತಿಲ್ಲ.

ಬೆಂಕಿ ಆರಿತು. ಲಿಯೊಕಾದಿಯು ರೂಢಿಯಂತೆ ಬಡಿದ.

"ಯಾರನ್ನ ಕರೀತಿದೀಯೋ ಮಂಕೇ? ಇನ್ಯಾರು ಬರ್ತಾರೆ?" ಎಂದು ಬೈದೆ.

ಅವನು ಕದಲಲಿಲ್ಲ. ನಾನೂ ಕದಲಲಿಲ್ಲ.

ಆಗ ಮೇಲಿಂದ ಮೂರು ಸಲ ಸದ್ದು ಬಂತು. ತಲೆ ಎತ್ತಿದರೆ ಏಣಿಯ ತುದಿಯಲ್ಲಿ ದೋನಾ ಯುಫ್ರಾಸಿಯಾ, ಕೈಯಲ್ಲಿ ಸೌಟು.

"ಮನೆಗೆ ಬಂದಾಗ್ಲೂ ಅನಕ್ಲೆತು ಬಾಗಿಲನ್ನ ಹೀಗೇ ಬಡೀತಿದ್ದ," ಎಂದಳು. "ಅವನ ಪಾಳಿ ನಾನು ನೋಡ್ಕೋತೀನಿ. ನೀವು ಮೇಲೆ ಬನ್ನಿ ಮಕ್ಕಳೇ."