ಒಂದು ಚಪ್ಪಾಳೆ

ಮೇಷ್ಟ್ರ ಬೈಕ್ ಶಾಲೆಯ ಬಾಗಿಲ ಮೇಲೆ ಒಂದು ಬೋರ್ಡಿತ್ತು. ‘ಇಲ್ಲಿ ಕಲಿತವರು ಇದುವರೆಗೆ ಒಬ್ಬರೂ ಫೇಲಾಗಿಲ್ಲ’ ಎಂದು ಕೆಂಪಕ್ಷರದಲ್ಲಿ ಬರೆಸಿ ಇಪ್ಪತ್ತೆರಡು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಅದಕ್ಕೆ ಹೊಸ ಬಣ್ಣ ಬೀಳುತ್ತಿತ್ತು. ಮನೆಯ ಗೋಡೆ ಸುಣ್ಣ ಕಂಡು ಎಷ್ಟು ಕಾಲವಾಯಿತೆಂದು ಮಾತ್ರ ಯಾರೂ ಕೇಳಬಾರದು. ಬೋರ್ಡೇನೂ ಸುಳ್ಳು ಹೇಳುತ್ತಿರಲಿಲ್ಲ. ಚೂರು ಅನುಮಾನ ಬಂದರೂ ಮೇಷ್ಟ್ರು ಆ ಆಸಾಮಿಯನ್ನು ಪರೀಕ್ಷೆಗೆ ಕಳಿಸದೆ, ಆರು ತಿಂಗಳಾದರೂ ಸರಿ, ಹಿಂದಿನ ಮೈದಾನದಲ್ಲಿ ಸುತ್ತಿಸುತ್ತಿದ್ದರು. ಹಾಗೆ ಸುತ್ತಿ ಸುತ್ತಿ ಸಾಕಾಗಿ ಒಬ್ಬ ದರ್ಜಿ ಬೈಕಿನ ಆಸೆಯನ್ನೇ ಬಿಟ್ಟು ಸೈಕಲ್ ಕೊಂಡುಕೊಂಡ.

ಮೇಷ್ಟ್ರಿಗೆ ಒಬ್ಬಳೇ ಮಗಳು. ಮುಂದಿನ ಕೋಣೆಯಲ್ಲಿ ಕೂತು ರಿಜಿಸ್ಟರ್ ಬರೆಯುವವಳು ಅವಳು, ಫೋನ್ ಎತ್ತುವವಳು ಅವಳು, ಕಲಿಯುವವರ ಬೆವರು ಹೀರಿದ ಹೆಲ್ಮೆಟ್‌ಗಳನ್ನು ಒರೆಸಿ ಬಿಸಿಲಿಗಿಡುವವಳೂ ಅವಳೇ. ಒಳಗೆ ಹೋದರೆ ಅಡುಗೆ, ಪಾತ್ರೆ, ಬಟ್ಟೆ. ಅದೆಲ್ಲ ಮುಗಿದ ಮೇಲೆ ಮೇಷ್ಟ್ರ ಮಂಡಿಗೆ ಎಣ್ಣೆ ತಿಕ್ಕಬೇಕು. ತಾಯಿ ಹೋದಾಗ ಅವಳಿಗೆ ಹತ್ತೊಂಬತ್ತು, ಈಗ ಮೂವತ್ತೊಂದು. ಊರಿಗೆಲ್ಲ ಲೈಸೆನ್ಸ್ ಕೊಡಿಸಿದ ಮನೆಯಲ್ಲಿ ಅವಳೊಬ್ಬಳಿಗೆ ಬೈಕ್ ಬರುತ್ತಿರಲಿಲ್ಲ. ಕಲಿಸಿ ಎಂದು ಅವಳು ಕೇಳಿರಲಿಲ್ಲ, ಕಲಿ ಎಂದು ಅವರು ಹೇಳಿರಲಿಲ್ಲ.

ಹೀಗಿರುವಾಗ ನೀರಿನ ಇಲಾಖೆಯಿಂದ ಅವಳಿಗೆ ಕಾಗದ ಬಂತು. ಮುನ್ನೂರು ಕಿಲೋಮೀಟರ್ ಆಚೆ ಮೀಟರ್ ಓದುವ ಕೆಲಸ. ಇರುವುದಕ್ಕೆ ಒಂದು ಕೋಣೆ, ಓಡಾಡುವುದಕ್ಕೆ ಇಲಾಖೆಯದೇ ಬೈಕು. ಕೆಳಗೆ ಒಂದು ಷರತ್ತು: ಮುಂದಿನ ತಿಂಗಳ ಕೊನೆಯ ಶನಿವಾರದೊಳಗೆ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ. ಅವಳು ಆ ಕಾಗದವನ್ನು ಮೂರು ದಿನ ಹೆಲ್ಮೆಟ್ ಒಳಗೆ ಬಚ್ಚಿಟ್ಟು, ನಾಲ್ಕನೆಯ ದಿನ ಗಟ್ಟಿ ಮನಸ್ಸು ಮಾಡಿ ಅಪ್ಪನ ಮುಂದಿಟ್ಟಳು. ಪಾತ್ರೆ ಹಾರುತ್ತದೆ ಎಂದುಕೊಂಡಿದ್ದಳು. ಹಾರಲಿಲ್ಲ.

"ಹೋಗು, ಯಾರು ಬೇಡ ಅಂದ್ರು," ಎಂದರು ಮೇಷ್ಟ್ರು, ಕಾಗದ ಮಡಚುತ್ತಾ. "ನಾಳೆಯಿಂದ ಆರು ಗಂಟೆಗೆ ಮೈದಾನಕ್ಕೆ ಬಾ. ಬೇರೆ ಕಡೆ ಕಲಿತು ನನ್ನ ಮಾನ ಕಳೀಬೇಡ."

ಅವಳು ಅಂದು ಬೆಳಗಿನ ಜಾವದವರೆಗೂ ಕಣ್ಣು ಮುಚ್ಚಲಿಲ್ಲ. ಅಪ್ಪನ ಪ್ರೀತಿಯ ಬಗ್ಗೆ ಅವಳಿಗೆ ಭ್ರಮೆಯಿರಲಿಲ್ಲ, ಅಷ್ಟು ದಡ್ಡಿಯಲ್ಲ. ಅವಳು ನಂಬಿದ್ದು ಬೋರ್ಡನ್ನು. ಮಗಳಿಗಾಗಿ ಒಂದು ಲೋಟ ನೀರು ಎತ್ತಿಕೊಡದ ಮನುಷ್ಯ ಆ ಬೋರ್ಡಿಗಾಗಿ ಏನು ಬೇಕಾದರೂ ಮಾಡುತ್ತಾನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನನ್ನು ಫೇಲಾಗಲು ಬಿಟ್ಟರೆ ಇಪ್ಪತ್ತೆರಡು ವರ್ಷದ ಜಂಭ ಮಣ್ಣುಪಾಲು. ಅಷ್ಟು ಸಾಕು ಎಂದು ಧೈರ್ಯ ತಂದುಕೊಂಡಳು.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ರಿಜಿಸ್ಟರ್ ತೆರೆದು ತನ್ನ ಹೆಸರು ಬರೆಯಹೊರಟಾಗ ಮೇಷ್ಟ್ರು ಪೆನ್ನಿನ ಮೇಲೆ ಕೈಯಿಟ್ಟರು.

"ಮನೆ ಮಗಳಿಗೆ ಯಾತಕ್ಕೆ ರಿಜಿಸ್ಟರು? ನಡಿ."

ಮನೆ ಮಗಳು ಎಂಬ ಮಾತು ಆ ಬಾಯಲ್ಲಿ ಬಂದದ್ದು ಅದೇ ಮೊದಲು. ಅವಳ ಹೊಟ್ಟೆ ತಣ್ಣಗಾಯಿತು. ಪಾಪ.

ಮೇಷ್ಟ್ರ ಪಾಠಕ್ಕೆ ಒಂದು ಪದ್ಧತಿಯಿತ್ತು. ಹೆಲ್ಮೆಟ್ ಹಾಕಿದವರ ಕಿವಿಗೆ ಮಾತು ಹೋಗುವುದಿಲ್ಲ, ಚಪ್ಪಾಳೆ ಹೋಗುತ್ತದೆ. ಬೈಕು ವಾಲಿದ್ದು ಕಂಡರೆ ಮೇಷ್ಟ್ರು ಒಂದೇ ಒಂದು ಚಪ್ಪಾಳೆ ಹೊಡೆಯುತ್ತಿದ್ದರು, ಅಂಗೈಗಳನ್ನು ಗುಳಿ ಮಾಡಿ, ಹಲಗೆ ಸೀಳಿದಂಥ ಸದ್ದು. ಆಗ ಯೋಚನೆ ಮಾಡಬಾರದು. ಎಡಗಾಲು ನೆಲಕ್ಕೆ ಬೀಳಬೇಕು. ತಡವಾದರೆ ಕೈಯಲ್ಲಿದ್ದ ಕೊಡೆಯ ತುದಿಯಿಂದ ಕಾಲಿನ ಹರಡಿಗೆ ಒಂದು ತಿವಿತ. ಎಲ್ಲರಿಗೂ ಇದು ಮೊದಲ ವಾರ ಮಾತ್ರ. ಎರಡನೆಯ ವಾರದಿಂದ ಚಪ್ಪಾಳೆ ಬಂದ್, ಕಾಲು ಇಳಿಸಿದರೇ ಬೈಗುಳ. ಪರೀಕ್ಷೆಯಲ್ಲಿ ಸುಣ್ಣದಲ್ಲಿ ಬರೆದ ಎಂಟರ ಮೇಲೆ ಎರಡು ಸುತ್ತು ಓಡಿಸಬೇಕು, ಹೆಬ್ಬೆರಳು ನೆಲಕ್ಕೆ ಸೋಕಿದರೂ ಕಥೆ ಮುಗಿಯಿತು.

ಮಗಳಿಗೆ ಮಾತ್ರ ಚಪ್ಪಾಳೆ ನಿಲ್ಲಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಎಂಟರ ಸುತ್ತು, ಅರ್ಧ ಗಂಟೆ ಚಪ್ಪಾಳೆ. ಎಂಟು ಅವಳಿಗೆ ಹದಿನೈದೇ ದಿನದಲ್ಲಿ ಒಲಿಯಿತು. ಚಪ್ಪಾಳೆಯಲ್ಲಿ ಮಾತ್ರ ಮೇಷ್ಟ್ರಿಗೆ ತೃಪ್ತಿಯಿಲ್ಲ. ಬೈಕು ನೆಟ್ಟಗಿದ್ದಾಗಲೂ ಹೊಡೆಯುತ್ತಿದ್ದರು. ಅವಳ ಹರಡು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕೊನೆಕೊನೆಗೆ ಅಡುಗೆಮನೆಯಲ್ಲಿ ಒಂಟಿಕಾಲೂರಿ ಮೇಲಿನ ಡಬ್ಬಿಗೆ ಕೈಚಾಚಿದ್ದಾಗ ಬೆನ್ನ ಹಿಂದೆ ಚಪ್ಪಾಳೆ ಬೀಳುತ್ತಿತ್ತು. ಎಡಗಾಲು ದಪ್ಪೆಂದು ನೆಲಕ್ಕೆ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತಾದ್ದರಿಂದ ಅವಳೂ ನಗುತ್ತಿದ್ದಳು.

"ಬೇರೆಯವರಿಗೆ ಒಂದೇ ವಾರ ಅಲ್ವಾ ಅಪ್ಪ?" ಎಂದು ಒಮ್ಮೆ ಕೇಳಿದಳು.

"ಬೇರೆಯವರು ಬಿದ್ರೆ ನನಗೇನು? ನೀನು ಬೀಳಬಾರದು," ಎಂದರು.

ಅವಳು ಬಚ್ಚಲಿಗೆ ಹೋಗಿ ಒಂದು ಚೂರು ಅತ್ತು ಬಂದಳು. ಸುಖಕ್ಕೆ.

ಪರೀಕ್ಷೆ ಗುರುವಾರ ಹತ್ತು ಗಂಟೆಗೆ. ಶನಿವಾರಕ್ಕೆ ಮುಂಚೆ ಅದೇ ಕೊನೆಯದು. ಫೇಲಾದರೆ ಮೂವತ್ತು ದಿನ ಬಾಗಿಲು ತಟ್ಟುವಂತಿಲ್ಲ. ತಗಡಿನ ಮಾಡಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇನ್‌ಸ್ಪೆಕ್ಟರು ಕೂತಿದ್ದರು. ಅವರು ಯಾರ ಮುಖವನ್ನೂ ನೋಡುವವರಲ್ಲ, ಕಾಲು ನೋಡುವವರು. ಕಬ್ಬಿಣದ ಬೇಲಿಯ ಆಚೆ ಸರದಿಗೆ ಕಾದವರು, ಅವರ ಕಡೆಯವರು. ಪಂಚರ್ ಅಂಗಡಿಯ ‘ಟ್ಯೂಬು’ ಅಂಗಡಿ ಮುಚ್ಚಿ ಬಂದಿದ್ದ, ಮೇಷ್ಟ್ರ ಮಗಳ ಪರೀಕ್ಷೆ ನೋಡದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅವನ ಪಕ್ಕದಲ್ಲಿ ಮೇಷ್ಟ್ರು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೊಡೆಯನ್ನು ಬೇಲಿಗೆ ತೂಗುಹಾಕಿ, ಎರಡೂ ಕೈ ಖಾಲಿಯಿಟ್ಟುಕೊಂಡು ನಿಂತಿದ್ದರು.

ಮೊದಲ ಸುತ್ತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು. ಇನ್‌ಸ್ಪೆಕ್ಟರು ಹಿಡಿದಿದ್ದ ಪೆನ್ಸಿಲ್ ಅಲ್ಲಾಡಲಿಲ್ಲ. ಎರಡನೆಯ ಸುತ್ತಿನಲ್ಲಿ ಎಂಟರ ನಡು ದಾಟಿ ಕೊನೆಯ ತಿರುವಿಗೆ ಬಂದಾಗ ಅವಳ ತಲೆಯಲ್ಲಿ ಆಗಲೇ ಹೊಸ ಕೆಲಸದ ಆ ಕೋಣೆ ಬಂದುಬಿಟ್ಟಿತ್ತು. ಒಂದು ಮಂಚ, ಒಂದು ಒಲೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಬೈಕು ವಾಲಿರಲಿಲ್ಲ. ಸುಣ್ಣದ ಗೆರೆ ಮುಗಿಯಲು ಹತ್ತು ಅಡಿ ಉಳಿದಿತ್ತು.

ಬೇಲಿಯ ಕಡೆಯಿಂದ ಒಂದು ಚಪ್ಪಾಳೆ ಬಿತ್ತು. ಒಂದೇ ಒಂದು.

ಎಡಗಾಲು ನೆಲದ ಮೇಲಿತ್ತು. ಯಾಕೆ ಅಲ್ಲಿದೆ ಎಂದು ಅವಳಿಗೆ ತಿಳಿದದ್ದು ಆಮೇಲೆ.

ಬೇಲಿಯ ಹತ್ತಿರ ಮೇಷ್ಟ್ರು ನಿಲ್ಲಿಸಲಿಲ್ಲ. ಮೊದಲ ಚಪ್ಪಾಳೆಯ ಹಿಂದೆಯೇ ಇನ್ನೂ ಹತ್ತಾರು ಸಣ್ಣ ಚಪ್ಪಾಳೆ ಸೇರಿಸಿ ಟಪಟಪ ಬಡಿಯತೊಡಗಿದರು. ನೋಡಿದವರಿಗೆ ಕಂಡದ್ದು, ಮಗಳ ಸವಾರಿ ಕಂಡು ಹಿಗ್ಗಿ ಹೀರೇಕಾಯಿಯಾದ ಒಬ್ಬ ಅಪ್ಪ. ಟ್ಯೂಬು ತಾನೂ ಕೈ ಸೇರಿಸಿದ. ಯಾರೋ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್‌ಸ್ಪೆಕ್ಟರು ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದರು. "ಕಾಲು ಊರಿದ್ರಿ ಕಣಮ್ಮ. ತಿಂಗಳು ಬಿಟ್ಟು ಬನ್ನಿ."

"ಸಾರ್, ನಮ್ಮಪ್ಪ ಬೇಕಂತಲೇ ಚಪ್ಪಾಳೆ ಹೊಡೆದರು." ಅವಳು ಬೇಲಿಯ ಕಡೆ ತಿರುಗಿದಳು. "ಚಪ್ಪಾಳೆ ಕೇಳಿದ್ರೆ ಕಾಲಿಡಬೇಕು ಅಂತ ಕಲಿಸಿದ್ದೇ ಅವರು."

ಇನ್‌ಸ್ಪೆಕ್ಟರು ಮೊದಲ ಬಾರಿಗೆ ತಲೆಯೆತ್ತಿ ಅವಳ ಮುಖ ನೋಡಿದರು. "ಮುಗಿಯೋ ಮೊದಲೇ ಚಪ್ಪಾಳೆ ಹೊಡೆಯೋ ಅಪ್ಪ ಎಷ್ಟು ಜನಕ್ಕೆ ಸಿಕ್ತಾರೆ? ಪುಣ್ಯ ಮಾಡಿದೀರ. ಮುಂದಿನವರು ಬನ್ನಿ."

"ಹೆತ್ತ ಅಪ್ಪನ ಮೇಲೇ ತಪ್ಪು ಹೊರಿಸ್ತೀಯಲ್ಲಮ್ಮ," ಎಂದ ಟ್ಯೂಬು, ಬೇಲಿಯ ಆಚೆಯಿಂದ, ಎಲ್ಲರಿಗೂ ಕೇಳುವ ಹಾಗೆ. "ನಿನ್ನ ಸಲುವಾಗಿ ಆರು ವಾರ ಬಿಸಿಲಲ್ಲಿ ನಿಂತ ಮನುಷ್ಯ ಅದು."

ಮೇಷ್ಟ್ರು ಅವನ ಹೆಗಲು ತಟ್ಟಿದರು. "ಹೋಗಲಿ ಬಿಡಪ್ಪ. ಬೇಜಾರಲ್ಲಿದಾಳೆ."

ವಾಪಸು ಬರುವಾಗ ಬೈಕನ್ನು ಅವರೇ ಓಡಿಸಿದರು. ಅವಳು ಹಿಂದೆ ಕೂತು ಅವರ ಕುತ್ತಿಗೆಯನ್ನೇ ದಿಟ್ಟಿಸುತ್ತಿದ್ದಳು. ದ್ವೇಷ ಎಂದರೆ ಬೆಂಕಿಯ ಹಾಗೆ ಇರುತ್ತದೆ ಎಂದು ಅವಳು ಕೇಳಿದ್ದಳು. ಅವಳದು ಹಾಗಿರಲಿಲ್ಲ, ರಾತ್ರಿ ತೊಳೆದು ಬೋರಲಿಟ್ಟ ಪಾತ್ರೆಯಂತೆ ತಣ್ಣಗೆ, ಖಾಲಿಯಾಗಿತ್ತು. ಒಂದೇ ಒಂದು ಸಮಾಧಾನ ಉಳಿದಿತ್ತು, ಅದನ್ನು ಅವಳು ದಾರಿಯುದ್ದಕ್ಕೂ ಬಿಗಿಹಿಡಿದು ಬಂದಳು. ಶಾಲೆಯ ಮುಂದೆ ಇಳಿದವಳೇ ಬೋರ್ಡಿನ ಕಡೆ ಕೈ ತೋರಿಸಿದಳು.

"ಇನ್ನು ಅದನ್ನ ಇಳಿಸಿ."

"ಯಾಕೆ?"

"ನಾನು ಫೇಲಾದೆನಲ್ಲ. ಊರೇ ನೋಡಿದೆ."

ಮೇಷ್ಟ್ರು ಕೊಡೆಯನ್ನು ಮೂಲೆಗಿಟ್ಟು ಮುಂದಿನ ಕೋಣೆಗೆ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ರಿಜಿಸ್ಟರ್ ತೆಗಿ. ನನ್ನ ಹತ್ರ ಕಲಿತವರಲ್ಲಿ ನಿನ್ನ ಹೆಸರು ಎಲ್ಲಿದೆ, ತೋರಿಸು."

ತೆರೆಯುವ ಅಗತ್ಯವಿರಲಿಲ್ಲ. ಹನ್ನೆರಡು ವರ್ಷದಿಂದ ಅದರ ಒಂದೊಂದು ಸಾಲನ್ನೂ ಬರೆದವಳು ಅವಳೇ. ಆರು ವಾರದ ಹಿಂದೆ ಪೆನ್ನಿನ ಮೇಲೆ ಬಿದ್ದ ಆ ಕೈ, ಮನೆ ಮಗಳು ಎಂಬ ಆ ಮಾತು, ತನ್ನ ತಣ್ಣಗಾದ ಹೊಟ್ಟೆ, ಎಲ್ಲ ಒಟ್ಟಿಗೆ ನೆನಪಾಯಿತು. ಮೊದಲ ದಿನದ ಮೊದಲ ನಿಮಿಷದಲ್ಲೇ ಎಲ್ಲ ತೀರ್ಮಾನವಾಗಿತ್ತು. ಬಚ್ಚಲಿನಲ್ಲಿ ಸುಖಕ್ಕೆ ಅತ್ತದ್ದು ನೆನಪಾಗಿ ಅವಳಿಗೆ ಅಪ್ಪನಿಗಿಂತ ತನ್ನ ಮೇಲೇ ಹೆಚ್ಚು ಅಸಹ್ಯವಾಯಿತು.

"ಊಟಕ್ಕೆ ಏನಿದೆ?" ಎಂದರು ಮೇಷ್ಟ್ರು.

ಸೋಮವಾರ ಆರು ಗಂಟೆಗೆ ಹೊಸಬನೊಬ್ಬ ಬಂದ, ಅಂಚೆ ಹಂಚುವವನು. ಅವಳು ರಿಜಿಸ್ಟರ್ ತೆರೆದು ಅವನ ಹೆಸರು, ವಯಸ್ಸು, ವಿಳಾಸ ಕೇಳಿ ಬರೆದುಕೊಂಡಳು. ಒರೆಸಿದ ಹೆಲ್ಮೆಟ್ ಕೊಟ್ಟು ಮೈದಾನದ ದಾರಿ ತೋರಿಸಿದಳು.

"ಫೇಲಾಗಲ್ಲ ತಾನೆ ಮೇಡಂ?" ಎಂದು ಅವನು ಬೋರ್ಡು ನೋಡಿ ನಕ್ಕ.

"ಇದುವರೆಗೆ ಒಬ್ಬರೂ ಆಗಿಲ್ಲ," ಎಂದಳು.

ಕುರ್ಚಿಯಲ್ಲಿ ಎರಡೂ ಕಾಲು ಮಡಚಿಕೊಂಡು ಕೂತು ಅವಳು ಉಳಿದ ಸಾಲು ತುಂಬತೊಡಗಿದಳು. ಸ್ವಲ್ಪ ಹೊತ್ತಿಗೆ ಹಿಂದಿನ ಮೈದಾನದಿಂದ ಚಪ್ಪಾಳೆ ಕೇಳಿಸಿತು. ಮೇಜಿನ ಕೆಳಗೆ ಅವಳ ಎಡಗಾಲು ನೆಲಕ್ಕೆ ಬಿತ್ತು.